ಉಗುರುಬೆಚ್ಚಗಿನ ಕೊಳದಲ್ಲಿ ನಲವತ್ತು ನಿಮಿಷ

ಕಳೆದ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಗಂಜಿ ಅಕ್ಕ ತೀರಿಕೊಂಡಳು. ಅರವತ್ತೊಂಬತ್ತು ವರ್ಷ. ಹೃದಯ ದೊಡ್ಡದಾಗಿದೆ ಎಂದು ಡಾಕ್ಟರು ನಾಲ್ಕು ತಿಂಗಳ ಹಿಂದೆಯೇ ಹೇಳಿದ್ದರು. "ಅದು ನಂಗೆ ಗೊತ್ತು, ಗಂಡನ ಮನೆಯವರಿಗೆ ಒಂದು ಚೀಟಿ ಬರೆದು ಕೊಡಿ" ಎಂದು ಅವಳು ಅವರನ್ನೇ ಕೇಳಿದ್ದಳು.

ನಾನು ಅವಳ ಮೇಲಿನ ಮಹಡಿಯವಳು. ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದೆ ಎಂಬ ಕಾರಣಕ್ಕೆ ಅವಳು ನನ್ನನ್ನು ಇಪ್ಪತ್ತಾರು ವರ್ಷ "ಪುಸ್ತಕ" ಎಂದೇ ಕರೆದಳು. ಬೆಳಿಗ್ಗೆ ಎದ್ದರೆ ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಸೀಲಿಂಗಿಗೆ ಎರಡು ಸಲ ಕುಟ್ಟುತ್ತಿದ್ದಳು. ಬದುಕಿದ್ದೀನಿ ಅಂತ ಅರ್ಥ. ನಾನು ಕಾಲಲ್ಲಿ ಎರಡು ಸಲ ಒದೆಯುತ್ತಿದ್ದೆ. ಈ ವಾರ ಬೆಳಗಿನ ಹೊತ್ತು ನನ್ನ ಕಾಲಿಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ.

ಅವಳು ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಕೆಲಸಕ್ಕೆ ಸೇರಿದ ಮೊದಲ ವಾರ ಮೇಟ್ರನ್ ಅವರ ಏಪ್ರನ್ನಿಗೆ ಗಂಜಿ ಸಾಲದು ಎಂದು ಬೈಗುಳ ಬಂತು. ಮಾರನೆಯ ದಿನ ಆ ಏಪ್ರನ್ ಮೇಟ್ರನ್ ಕೋಣೆಯ ಮೂಲೆಯಲ್ಲಿ ಯಾರ ಆಸರೆಯೂ ಇಲ್ಲದೆ ತಾನೇ ನಿಂತಿತ್ತು. ಕನ್ನಡಕ ಹಾಕದೆ ಒಳಗೆ ಬಂದ ಮೇಟ್ರನ್ ಅದಕ್ಕೆ "ಏನ್ರೀ ಬೇಕಿತ್ತು?" ಎಂದು ಕೇಳಿದರಂತೆ. ಅಂದಿನಿಂದ ಅವಳು ಗಂಜಿ ಅಕ್ಕ.

ಲಾಂಡ್ರಿಯಲ್ಲಿ ಅವಳ ಜೋಡಿ ಅವಳ ನಾದಿನಿ. ಗಂಡನ ತಂಗಿ. ಒಗೆದು ಒಣಗಿದ ಬೆಡ್‌ಶೀಟನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿಯಬೇಕು, ಜಗ್ಗಿ ಸುಕ್ಕು ಬಿಡಿಸಬೇಕು, ಮುಂದೆ ನಡೆದು ಮೂಲೆಗೆ ಮೂಲೆ ಸೇರಿಸಬೇಕು. ಇಬ್ಬರೂ ಇಪ್ಪತ್ತೆರಡು ವರ್ಷ ಹೀಗೆ ದಿನಕ್ಕೆ ಮುನ್ನೂರು ಸಲ ದೂರ ಹೋಗಿ ಹತ್ತಿರ ಬಂದರು. ನಾದಿನಿಗೆ ಇನ್ನೂ ಒಂದು ಕೆಲಸವಿತ್ತು. ಒಗೆಯುವ ಮೊದಲು ಜೇಬುಗಳನ್ನೆಲ್ಲ ತಡಕಿ, ಸಿಕ್ಕಿದ್ದನ್ನು ಕಿಟಕಿಯ ಕಟ್ಟೆಯ ಮೇಲೆ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಡುವುದು. ಪಿನ್ನು, ಗುಂಡಿ, ಬೀಗದ ಕೈ, ಬಾಚಣಿಗೆ, ಒಮ್ಮೆ ಯಾರದೋ ಹಲ್ಲುಸೆಟ್ಟು. ಸಾಲು ಎಂದೂ ತಪ್ಪುತ್ತಿರಲಿಲ್ಲ. ಅಕ್ಕ ಬೇಕೆಂದೇ ಬಾಚಣಿಗೆಯನ್ನು ಪಿನ್ನಿನ ಪಕ್ಕಕ್ಕೆ ಸರಿಸುವಳು. ನಾದಿನಿ ನೋಡದೆಯೇ ಅದನ್ನು ಸರಿಪಡಿಸುವಳು.

ಹನ್ನೊಂದು ವರ್ಷದ ಹಿಂದೆ ಒಂದು ದಿನ ಶೀಟು ಜಗ್ಗುತ್ತಿದ್ದಾಗ ಅಕ್ಕನ ಕಡೆಯ ಮೂಲೆಗಳು ಕೈಬಿಟ್ಟವು. ನಾದಿನಿ ಹಿಮ್ಮುಖವಾಗಿ ಸಿಮೆಂಟ್ ನೆಲಕ್ಕೆ ಬಿದ್ದಳು. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಮೂಳೆ ಕೂಡಿತು, ಬಲ ಬರಲಿಲ್ಲ, ಕೆಲಸ ಬಿಡಬೇಕಾಯಿತು. "ಕೈ ಜಾರ್ತು" ಎಂದಳು ಅಕ್ಕ. ಸೂಪರ್‌ವೈಸರ್ ಹಾಗೆಯೇ ಬರೆದುಕೊಂಡ. ನಾದಿನಿ ಮಾತ್ರ ನಂಬಲಿಲ್ಲ. "ಬೇಕಂತ ಬಿಟ್ಟೆ ಅಂತ ಒಂದು ಮಾತು ಹೇಳಿ ಸಾಕು, ನಂಗೆ ಬೇರೇನೂ ಬೇಡ" ಎಂದಳು. ಅಕ್ಕ ಹೇಳಲಿಲ್ಲ. ಮೊದಲು ಕೆಲಸ ಹೋದೀತೆಂಬ ಹೆದರಿಕೆ, ಆಮೇಲೆ ಗಂಡನ ಹೆದರಿಕೆ. ಗಂಡನೂ ಹೋದ ಮೇಲೆ ಆ ಸುಳ್ಳು ಗಂಜಿ ಹಾಕಿದ ಬಟ್ಟೆಯಂತೆ ತನ್ನಷ್ಟಕ್ಕೆ ನಿಂತುಬಿಟ್ಟಿತ್ತು.

ನಾದಿನಿ ಎರಡು ಬೀದಿ ಆಚೆ ಇದ್ದರೂ ಅಂದಿನಿಂದ ಅತ್ತಿಗೆಯೊಡನೆ ಮಾತು ನಿಲ್ಲಿಸಿದಳು. ಎದುರಿಗೇ ಇದ್ದರೂ ಮೂರನೆಯವರ ಮುಖಾಂತರ. ಅಣ್ಣ ಸತ್ತ ದಿನವೂ ನನ್ನ ಕಿವಿಯಲ್ಲಿ, "ಅವರಿಗೆ ಹೇಳಿ, ಬೆಳಿಗ್ಗೆಯಿಂದ ನೀರು ಕುಡಿದಿಲ್ಲ, ಕುಡೀಲಿ" ಎಂದಿದ್ದಳು.

ಹೃದಯದ ವಿಷಯ ಗೊತ್ತಾದ ದಿನ ಅಕ್ಕ ಪೊರಕೆಯಲ್ಲಿ ಮೂರು ಸಲ ಕುಟ್ಟಿದಳು. ನಾನು ಇಳಿದು ಹೋದೆ.

"ಏ ಪುಸ್ತಕ, ಆ ಬೆಟ್ಟದ ಹತ್ರ ಭೂಮಿಯೊಳಗಿಂದ ಬಿಸಿನೀರು ಬರುತ್ತಲ್ಲ, ಅಲ್ಲಿಗೆ ಹೋಗೋಣ."

"ನಿಂಗೆ ಬಿಸಿನೀರು ಕಂಡ್ರೆ ಆಗಲ್ವಲ್ಲ? ಮೂವತ್ತೊಂದು ವರ್ಷ ಬೆಂದಿದೀನಿ, ಸಾಕು ಅಂತಿದ್ದೆ."

"ನಂಗಲ್ಲ ಕಣೆ. ಅವಳ ಕೈ ಚಳಿಗಾಲದಲ್ಲಿ ನೋಯುತ್ತೆ. ನೀನು ಕರ್ಕೊಂಡು ಬಾ. ನಾನು ಬರ್ತೀನಿ ಅಂತ ಮಾತ್ರ ಹೇಳ್ಬೇಡ. ನೀರಿಗೆ ಇಳಿದ ಮೇಲೆ ಅವಳು ಎಲ್ಲಿಗೆ ಓಡ್ತಾಳೆ? ಸಾಯೋ ಮೊದಲು ಅವಳು ಒಂದು ಸಲ ನನ್ನನ್ನ ಬೈಬೇಕು. ನೇರವಾಗಿ."

ನಾನು ಜೀವಮಾನದಲ್ಲಿ ಹೇಳಿದ ಸುಳ್ಳುಗಳು ಕಡಿಮೆ. ನಾದಿನಿ "ಅವರೂ ಬರ್ತಾರಾ?" ಎಂದು ಕೇಳಿದಾಗ ಇಲ್ಲ ಎಂದಿದ್ದು ಅವುಗಳಲ್ಲಿ ಒಂದು. ಅಕ್ಕ ಒಂದು ಬಸ್ ಮುಂಚೆಯೇ ಹೊರಟಳು.

ಕೊಳವಿದ್ದದ್ದು ತಗ್ಗು ಮಾಡಿನ ಒಂದು ಕಲ್ಲಿನ ಕೋಣೆಯಲ್ಲಿ. ನೀರು ಉಗುರುಬೆಚ್ಚಗೆ, ಗಂಧಕದ ವಾಸನೆ, ಸ್ವಲ್ಪ ದೂರದವರ ಮುಖ ಗುರುತಾಗದಷ್ಟು ಹಬೆ. ಬಟ್ಟೆ ಬದಲಿಸುವ ಕೋಣೆಗೂ ಈ ಕೊಳಕ್ಕೂ ನಡುವೆ ತೆರೆದ ಅಂಗಳ. ಅಂಗಳದಲ್ಲಿ ಮೇಜು ಹಾಕಿಕೊಂಡು ಗಂಡಸರು ಕಾಫಿ ಕುಡಿಯುತ್ತಿದ್ದರು. ಆದ್ದರಿಂದ ಹೆಂಗಸರು ಅಲ್ಲಿ ಕೊಡುವ ತೆಳ್ಳನೆಯ ಸ್ನಾನದ ಅಂಗಿ ತೊಟ್ಟು, ಮೇಲೊಂದು ದಪ್ಪ ಬಿಳಿ ನಿಲುವಂಗಿ ಹೊದ್ದು ಅಂಗಳ ದಾಟಬೇಕು. ಕೊಳದ ಬಾಗಿಲಲ್ಲಿ ಗೂಟಕ್ಕೆ ಅದನ್ನು ತೂಗುಹಾಕಿ ನೀರಿಗಿಳಿಯಬೇಕು. ಗೂಟಗಳ ಪಕ್ಕ ಗೋಡೆಯಲ್ಲಿ ಮಾಸಿದ ಬಟ್ಟೆ ಕೆಳಗಿನ ಲಾಂಡ್ರಿಗೆ ಜಾರಿಸುವ ಕಿಂಡಿ, ಅದಕ್ಕೊಂದು ತಗಡಿನ ಮುಚ್ಚಳ.

ನಾನು ಕನ್ನಡಕ ತೆಗೆದು ನಿಲುವಂಗಿಯ ಜೇಬಿಗೆ ಹಾಕಿ ನೀರಿಗಿಳಿದೆ. ನಾದಿನಿ ಗೂಟಗಳ ಮುಂದೆಯೇ ನಿಂತಿದ್ದಳು. "ಛೆ ಛೆ, ಒಣಗಿದ್ದರ ಮೇಲೆ ಹಸಿ ಟವೆಲ್ ಹಾಕಿದಾರೆ ನೋಡಿ. ಇನ್ನು ಎಲ್ಲಾ ಮುಗ್ಗು ಹಿಡಿಯುತ್ತೆ" ಎಂದು ಗೊಣಗುವುದು ಕೇಳಿಸಿತು. ನಂತರ ತಗಡು ನಾಲ್ಕೈದು ಸಲ ಟಪ್ ಟಪ್ ಎಂದಿತು. ಗಾಳಿಗೆ ಯಾವುದೋ ಬಾಗಿಲು ಹೊಡೆದುಕೊಳ್ಳುತ್ತಿದೆ ಎಂದುಕೊಂಡೆ. ಅವಳು ಬಂದು ನನ್ನ ಪಕ್ಕ ಕೂತು, ಮಣಿಕಟ್ಟನ್ನು ನೀರಿನಲ್ಲಿಟ್ಟು "ಅಬ್ಬಾ" ಎಂದು ಕಣ್ಣು ಮುಚ್ಚಿದಳು.

ಗೂಟಗಳ ಪಕ್ಕದ ಮೂಲೆಯಿಂದ, ಟವೆಲ್ ಸುತ್ತಿಕೊಂಡಿದ್ದ ಒಂದು ತಲೆ ಮೆಲ್ಲಗೆ ತೇಲುತ್ತಾ ನಮ್ಮತ್ತ ಬಂತು.

"ನೀರು ಹದವಾಗಿದೆ, ಅಲ್ವಾ?"

ನಾದಿನಿ ಕಣ್ಣು ಬಿಟ್ಟಳು. ನನ್ನನ್ನು ನೋಡಿದ ನೋಟ ಇವತ್ತಿಗೂ ಚುಚ್ಚುತ್ತದೆ. ಎದ್ದು, ಮೆಟ್ಟಿಲು ಹತ್ತಿ ಗೂಟಗಳ ಹತ್ತಿರ ಹೋದಳು. ಹದಿನಾಲ್ಕು ಗೂಟ. ಒಂದರ ಮೇಲೂ ಒಂದು ಚಿಂದಿ ಇರಲಿಲ್ಲ.

"ಅವರಿಗೆ ಹೇಳಿ," ಹಬೆಯೊಳಗಿಂದ ಅವಳ ದನಿ ಬಂತು, "ನನ್ನ ನಿಲುವಂಗಿ ಎಲ್ಲಿ ಬಚ್ಚಿಟ್ಟಿದಾರೆ ಕೇಳಿ."

ಅಷ್ಟರಲ್ಲಿ ಉಳಿದ ಹೆಂಗಸರಿಗೂ ವಿಷಯ ಗೊತ್ತಾಯಿತು. ಅವರಲ್ಲೊಬ್ಬರು ಯಾವುದೋ ಶಾಲೆಯ ಹೆಡ್‌ಮೇಡಂ. ಎದೆಮಟ್ಟ ನೀರಿನಲ್ಲಿ ನಿಂತೇ ತರಗತಿ ಶುರುಮಾಡಿದರು.

"ಯಾರು ಮಾಡಿದ್ದು ಇದು? ಮಾಡಿದವರು ಕೈ ಎತ್ತಿ!"

ಅಕ್ಕ ಕೈ ಎತ್ತಿದಳು.

"ನಾನೇ ಮೇಡಂ. ಕಿಂಡಿಗೆ ಹಾಕ್ಬಿಟ್ಟೆ."

"ಈ ವಯಸ್ಸಲ್ಲಿ ಬುದ್ಧಿ ಬೇಡ್ವೇನ್ರೀ?"

"ಬೇಕಿತ್ತು ಮೇಡಂ. ಸಣ್ಣವಳಿದ್ದಾಗ ನೀವು ಸಿಕ್ಕಿದ್ರೆ ಕಲಿಸ್ತಿದ್ರಿ."

ಕೂಗಿದ್ದಕ್ಕೆ ಓಡಿಬಂದ ಕೆಲಸದವಳು ಹಣೆ ಚಚ್ಚಿಕೊಂಡಳು. ಬೆಳಿಗ್ಗೆ ಎರಡು ಬಸ್ ಜನ ಬಂದಿದ್ದರಿಂದ ಒಣಗಿದ್ದು ಒಂದೂ ಉಳಿದಿರಲಿಲ್ಲ. ಕಿಂಡಿಯಿಂದ ಬಿದ್ದದ್ದು ಆಗಲೇ ಯಂತ್ರಕ್ಕೆ ಹೋಗಿತ್ತು. "ನಲವತ್ತು ನಿಮಿಷ ಆಗುತ್ತಮ್ಮಾ" ಎಂದಳು.

ಹತ್ತು ನಿಮಿಷಕ್ಕಿಂತ ಹೆಚ್ಚು ನೀರಿನಲ್ಲಿ ಇರಕೂಡದು ಎಂದು ಡಾಕ್ಟರು ಅಕ್ಕನಿಗೆ ಹೇಳಿದ್ದರು. ಅವಳನ್ನು ಮೇಲಕ್ಕೆ ಹತ್ತಿಸಿ, ಕಾಲು ಮಾತ್ರ ನೀರಿಗೆ ಬಿಟ್ಟು ಮೆಟ್ಟಿಲ ಮೇಲೆ ಕೂರಿಸಿದೆ. ನಾದಿನಿ ನನ್ನ ಇನ್ನೊಂದು ಪಕ್ಕ ಮುಖ ತಿರುಗಿಸಿ ಕೂತಳು. ನೆಲದ ಕೆಳಗೆ ಯಂತ್ರ ಗುಡುಗುಡು ಎನ್ನುವುದು ಪಾದಕ್ಕೆ ತಿಳಿಯುತ್ತಿತ್ತು.

"ಈಗ ಜಾಲಾಡ್ತಿದೆ" ಎಂದಳು ಅಕ್ಕ, ರೈಲು ನಿಲ್ದಾಣದಲ್ಲಿ ಹೇಳುವಂತೆ, ಎಲ್ಲರಿಗೂ ಕೇಳಿಸಲೆಂದು.

ನಾದಿನಿ ತಡೆದುಕೊಂಡಳು. ತಡೆದುಕೊಂಡಳು. ಆಗಲಿಲ್ಲ.

"ಅವರಿಗೆ ಹೇಳಿ, ಅದು ಜಾಲಾಡೋದಲ್ಲ. ಸೋಪಿನ ನೀರು ಬಿಡ್ತಿರೋದು."

"ಅವಳಿಗೆ ಹೇಳು, ನಂಗೆ ಕಿವಿ ಸ್ವಲ್ಪ ಮಂದ."

"ಅವರಿಗೆ ಹೇಳಿ, ಕಿವಿ ಮಂದ ಅಲ್ಲ, ಬಾಯಿ ಜಾಸ್ತಿ."

ನಾನು ಇಬ್ಬರ ನಡುವೆ ಅಂಚೆಪೆಟ್ಟಿಗೆಯಂತೆ ಕೂತಿದ್ದೆ. ಆಗ ನನಗೆ ಕನ್ನಡಕದ ನೆನಪಾಯಿತು. ಜೇಬಿನಲ್ಲೇ ಇತ್ತಲ್ಲ, ಯಂತ್ರದಲ್ಲಿ ಪುಡಿಯಾಯಿತು ಎಂದು ಗಾಬರಿಯಿಂದ ಎದ್ದು ಗೂಟಗಳ ಕಡೆ ಹೋದೆ. ಪುಡಿಯಾಗಿರಲಿಲ್ಲ. ಕಿಂಡಿಯ ಮೇಲಿನ ಕಲ್ಲುಹಲಗೆಯ ಮೇಲೆ ಸುರಕ್ಷಿತವಾಗಿತ್ತು. ಅಲ್ಲಿ ಎಲ್ಲವೂ ಇದ್ದವು. ಒಂದು ಓಲೆ, ಒಂದು ಹೇರ್‌ಪಿನ್, ಮೂರು ಬೀಗದ ಕೈ, ಒಂದು ಬಾಚಣಿಗೆ, ನನ್ನ ಕನ್ನಡಕ, ಹೆಡ್‌ಮೇಡಂ ಅವರ ಟಿಪ್ಪಣಿ ಪುಸ್ತಕ. ಸಣ್ಣದರಿಂದ ದೊಡ್ಡದಕ್ಕೆ. ಸಾಲಾಗಿ.

ನನ್ನ ಹಿಂದೆ ಯಾರೋ ನಿಂತಂತಾಯಿತು. ನಾದಿನಿ. ಅವಳು ಸಾಲನ್ನು ನೋಡಿದಳು. ಆಮೇಲೆ ತನ್ನ ಎರಡು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು, ಅವು ಬೇರೆ ಯಾರವೋ ಎಂಬಂತೆ.

ವಾಪಸ್ಸು ಬಂದು ಈ ಸಲ ಅಕ್ಕನ ಪಕ್ಕದಲ್ಲಿ ಕೂತಳು.

"ನಾನೇ ಹಾಕಿದ್ದಾ?"

"ಶ್ಶ್. ಮೇಡಂ ಕೇಳಿಸ್ಕೋತಾರೆ."

"ನೀವು ನೋಡಿದ್ರಾ?"

"ಮೊದಲನೇ ಜೇಬಿಂದ ನೋಡ್ತಿದ್ದೆ. ಎಷ್ಟು ಚೆನ್ನಾಗಿ ಮಾಡ್ತೀಯ ಈಗ್ಲೂ."

"ಮತ್ತೆ ನೀವ್ಯಾಕೆ ಕೈ ಎತ್ತಿದ್ರಿ?"

"ಬೈಸ್ಕೊಂಡು ಅಭ್ಯಾಸ ಇದೆ. ನಿಂಗಿಲ್ಲ."

ನಾದಿನಿ ಮಣಿಕಟ್ಟನ್ನು ಮತ್ತೆ ನೀರಿಗಿಳಿಸಿದಳು. "ನಂಗೆ ಗೊತ್ತೇ ಆಗ್ಲಿಲ್ಲ. ಕೈ ತಾನಾಗೇ ಮಾಡಿಬಿಡ್ತು..." ಎಂದವಳು ಅರ್ಧಕ್ಕೆ ನಿಲ್ಲಿಸಿದಳು.

ಅಕ್ಕ ಹನ್ನೊಂದು ವರ್ಷದಿಂದ ಕಟ್ಟಿಕೊಂಡಿದ್ದ ಸುಳ್ಳಿಗೆ ಇದಕ್ಕಿಂತ ಒಳ್ಳೆಯ ಆಸರೆ ಸಿಗುತ್ತಿರಲಿಲ್ಲ. ನೋಡಿದ್ಯಾ, ಕೈ ಹಾಗೇನೇ, ನಂದೂ ಅವತ್ತು ಹಾಗೇ ಆಗಿದ್ದು ಎಂದಿದ್ದರೆ ಮುಗಿಯುತ್ತಿತ್ತು. ನಾದಿನಿ ನಂಬುತ್ತಿದ್ದಳು, ನಂಬಲು ತಯಾರಾಗಿಯೇ ಕೂತಿದ್ದಳು. ಅಕ್ಕನಿಗೂ ಅದು ಹೊಳೆದದ್ದನ್ನು ನಾನು ಕಂಡೆ. ಅವಳ ತುಟಿಯ ತುದಿ ಒಮ್ಮೆ ಅಲ್ಲಾಡಿತು.

"ನಂದು ಹಂಗಲ್ಲ" ಎಂದಳು ಅಕ್ಕ. "ಅವತ್ತು ಕೈ ಜಾರ್ಲಿಲ್ಲ. ಬೇಕಂತ ಬಿಟ್ಟೆ. ನಿನ್ನ ಹಿಂದೆ ಬಟ್ಟೆ ಬುಟ್ಟಿ ಇತ್ತಲ್ಲ, ಅದರೊಳಗೆ ಕೂತ್ಕೋತೀಯ, ಎಲ್ಲರೂ ನಗಬಹುದು ಅಂದ್ಕೊಂಡೆ. ಬುಟ್ಟೀನ ಯಾರೋ ಸರಿಸಿದ್ರು. ನಾನು ನೋಡ್ಲೇ ಇಲ್ಲ."

ಕೆಳಗೆ ಯಂತ್ರ ನೀರು ಹಿಂಡಲು ಶುರುಮಾಡಿತು. ನೆಲ ನಡುಗಿತು. ಈ ಸಲ ಅಕ್ಕ ಅದನ್ನು ಯಾರಿಗೂ ಹೇಳಲಿಲ್ಲ.

ಯಂತ್ರ ನಿಂತ ಮೇಲೆ ನಾದಿನಿ ಕೇಳಿದಳು: "ಇಷ್ಟು ಹೇಳೋಕೆ ಹನ್ನೊಂದು ವರ್ಷ ಬೇಕಾಯ್ತಾ ಅತ್ತಿಗೆ?" ಕೇಳಿ, ಆ ಮುರಿದು ಕೂಡಿದ ಕೈಯಿಂದಲೇ ನೀರು ಬಾಚಿ ಅಕ್ಕನ ಮುಖಕ್ಕೆ ಎರಚಿದಳು. ಆಮೇಲೆ ಬೈದಳು. ಹೆಡ್‌ಮೇಡಂ ಬಾಯಿ ತೆರೆದು ಕೇಳುವಂತೆ, ನನ್ನ ಸಹಾಯವಿಲ್ಲದೆ, ನೇರವಾಗಿ ಬೈದಳು. ಅಕ್ಕ ಕಣ್ಣು ಮುಚ್ಚಿ, ಬಿಸಿನೀರಿಗೆ ಬಂದವರು ಹೇಗೆ ಕೂರುತ್ತಾರೋ ಹಾಗೆ, ಸುಖವಾಗಿ ಕೂತಿದ್ದಳು.

ನಿಲುವಂಗಿಗಳು ಇನ್ನೂ ಬಿಸಿಯಾಗಿರುವಾಗಲೇ ಬಂದವು. ಮಡಿಸಿದ್ದು ಸರಿಯಿಲ್ಲ ಎಂದು ಇಬ್ಬರೂ ಒಟ್ಟಿಗೆ ಕೆಲಸದವಳನ್ನು ಗದರಿದರು.

ಅದಾದ ಮೇಲೆ ನಾದಿನಿ ಪ್ರತಿ ಮಂಗಳವಾರ ಬರುತ್ತಿದ್ದಳು. ಅಕ್ಕನ ಹಾಸಿಗೆ ಬದಲಿಸಿ, ಮಾಸಿದ ಬಟ್ಟೆ ಚೀಲಕ್ಕೆ ತುಂಬಿಕೊಂಡು ತನ್ನ ಮನೆಗೆ ಒಗೆಯಲು ಒಯ್ಯುತ್ತಿದ್ದಳು. ಕಳೆದ ಮಂಗಳವಾರವೂ ಬಂದಳು. ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತೇ ಶೀಟಿನ ಎರಡು ಮೂಲೆ ಹಿಡಿದಳು. ನಾದಿನಿ ಎದುರು ನಿಂತು ಜಗ್ಗಿದಳು.

"ಬಿಡ್ಲಾ ಅತ್ತಿಗೆ?"

"ಬಿಡು. ಹಿಂದೆ ಹಾಸಿಗೆ ಇದೆ, ನೋಡ್ಕೊಂಡೇ ಕೂತಿದೀನಿ."

ನಾದಿನಿ ಬಿಡಲಿಲ್ಲ. ಮೂಲೆಗೆ ಮೂಲೆ ಸೇರಿಸಿದರು. ಒಂದು ಬೆರಳಷ್ಟು ಹೆಚ್ಚುಕಮ್ಮಿ ಬಂತೆಂದು ಅಕ್ಕ ಬಿಚ್ಚಿಸಿ ಇನ್ನೊಮ್ಮೆ ಮಡಿಸಿದಳು. ಆಮೇಲೆ ನಾದಿನಿ ಟೀ ಇಡಲು ಅಡುಗೆಮನೆಗೆ ಹೋದಳು. ನಾನು ಕಿಟಕಿಯ ಹತ್ತಿರ ಕೂತಿದ್ದೆ. ಎರಡೂವರೆ ಆಗಿರಬೇಕು.

ಅಕ್ಕ ಬಾಗಿ ಬಟ್ಟೆಯ ಚೀಲದಿಂದ ತನ್ನ ಗೌನನ್ನು ಎಳೆದುಕೊಂಡಳು. ದಿಂಬಿನ ಕೆಳಗೆ ಕೂಡಿಟ್ಟಿದ್ದನ್ನು ಒಂದೊಂದಾಗಿ ತೆಗೆದು ಅದರ ಜೇಬಿಗೆ ತುಂಬಿದಳು. ಚಮಚ, ಹೇರ್‌ಪಿನ್, ನಾನು ಎರಡು ದಿನದಿಂದ ಹುಡುಕುತ್ತಿದ್ದ ಪೆನ್ಸಿಲ್, ಕೊನೆಗೆ ಎರಡು ಗುಂಡಿ. ಗುಂಡಿಗಳನ್ನು ಬೆಳಕಿಗೆ ಹಿಡಿದು, ಒಂದರ ಮೇಲೊಂದಿಟ್ಟು ನನಗೆ ತೋರಿಸಿದಳು. ಎರಡೂ ಒಂದೇ ಅಳತೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಯಾವುದನ್ನ ಮೊದಲು ಇಡ್ತಾಳೆ, ನೋಡೋಣ" ಎಂದು ಪಿಸುಗುಟ್ಟಿ, ಅವುಗಳನ್ನೂ ಜೇಬಿಗಿಳಿಸಿ, ಗೌನನ್ನು ಚೀಲದ ತಳಕ್ಕೆ ತಳ್ಳಿದಳು.