ಬ್ರೆಡ್ಡಣ್ಣನ ನೆಲಮಾಳಿಗೆ

ಹಳೆಯ ಪೇಟೆಯ ಇಳಿಜಾರು ಬೀದಿಯಲ್ಲಿ ಬೇಕರಿ ಇಟ್ಟಿದ್ದವನನ್ನು ಎಲ್ಲರೂ ಬ್ರೆಡ್ಡಣ್ಣ ಎಂದೇ ಕರೆಯುತ್ತಿದ್ದರು. ಅವನ ಅಪ್ಪನೂ ಬ್ರೆಡ್ಡಣ್ಣ, ಅಜ್ಜನೂ ಬ್ರೆಡ್ಡಣ್ಣ. ಅಂಗಡಿಯ ಜೊತೆಗೆ ಆ ಹೆಸರೂ ಅವನ ಪಾಲಿಗೆ ಬಂದಿತ್ತು. ಮೊಣಕೈತನಕ ಹಿಟ್ಟು, ಹುಬ್ಬಿನ ಮೇಲೂ ಹಿಟ್ಟು. ಮದುವೆಯ ದಿನವೂ ಇವರ ಕಿವಿಯ ಹಿಂದೆ ಹಿಟ್ಟಿತ್ತು ಎಂದು ಅವನ ಹೆಂಡತಿ ಗಲ್ಲಾದಲ್ಲಿ ಕೂತು ಗಿರಾಕಿಗಳನ್ನು ನಗಿಸುತ್ತಿದ್ದಳು.

ಮುಂದೆ ಅಂಗಡಿ, ಹಿಂದೆ ಭಟ್ಟಿ, ಮೇಲೆ ಎರಡು ಕೋಣೆಯ ಮನೆ. ಕೆಳಗೆ ಕಲ್ಲಿನ ನೆಲಮಾಳಿಗೆ. ಎಂಥ ಸೆಕೆಯಲ್ಲೂ ತಣ್ಣಗಿರುತ್ತಿದ್ದ ಆ ಜಾಗದಲ್ಲಿ ಹಿಟ್ಟಿನ ಮೂಟೆಗಳು, ಒದ್ದೆ ಬಟ್ಟೆ ಮುಚ್ಚಿ ಉಬ್ಬಲು ಬಿಟ್ಟ ಹಿಟ್ಟಿನ ದೊಡ್ಡ ಬೋಗುಣಿಗಳು. ಬ್ರೆಡ್ಡಣ್ಣ ಬೋಗುಣಿಯನ್ನು ತಬ್ಬಿಕೊಂಡು ಮೆಟ್ಟಿಲು ಹತ್ತಿ ಬರುವಾಗ ಬಾಗಿಲು ತಟ್ಟಲು ಕೈ ಖಾಲಿ ಇರುತ್ತಿರಲಿಲ್ಲ. ಹಣೆಯಿಂದಲೇ ಕುಟ್ಟುತ್ತಿದ್ದ. "ತೆಗಿಯೇ, ಕೈ ತುಂಬ ಇದೆ!" ಅವಳು ಮಾಡುತ್ತಿದ್ದ ಕೆಲಸ ಬಿಟ್ಟು ಓಡಿ ಹೋಗಿ ಚಿಲಕ ಸರಿಸುತ್ತಿದ್ದಳು. ಒಬ್ಬಳೇ ಮಗಳು ಬೆಳೆದು, ಆಸ್ಪತ್ರೆಯಲ್ಲಿ ನರ್ಸಾಗಿ, ಊರಿನ ಆಚೆ ತುದಿಯಲ್ಲಿ ಸಂಸಾರ ಹೂಡಿದ ಮೇಲೂ ಇದು ಹೀಗೇ ನಡೆದಿತ್ತು.

ಒಂದು ದಿನ ಮೂಟೆ ಸರಿಸುವಾಗ ಗೋಡೆಯ ಬುಡದ ಕಲ್ಲೊಂದು ಕಳಚಿ ಬಿತ್ತು. ಆ ಕಿಂಡಿಯಿಂದ ತಣ್ಣನೆಯ ಗಾಳಿ ಬಂದು ಪಾದಕ್ಕೆ ತಾಗಿತು. ಬ್ರೆಡ್ಡಣ್ಣ ಟಾರ್ಚ್ ಹಿಡಿದು ನೆಲಕ್ಕೆ ಮಲಗಿ ಇಣುಕಿದ. ಅತ್ತ ಒಂದು ಕಮಾನು. ಅದರಾಚೆ ಇನ್ನೊಂದು.

"ಲೇ, ಬಾ ಇಲ್ಲಿ! ನಮ್ಮನೆ ಕೆಳಗೆ ಇನ್ನೊಂದು ಮನೆ ಇದೆ ಕಣೇ!"

ಅವಳು ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಲಿಲ್ಲ. "ಆ ಕಲ್ಲನ್ನ ಇದ್ದ ಕಡೆ ಇಟ್ಟು ಮಣ್ಣು ಮೆತ್ತಿಬಿಡಿ. ಯಾರ ಹತ್ರಾನೂ ಬಾಯಿ ಬಿಡ್ಬೇಡಿ."

"ಯಾಕೇ?"

"ನಂಗೊತ್ತಿಲ್ಲ. ಏನೋ ಭಯ ಆಗ್ತಿದೆ."

ಆದರೆ ಬ್ರೆಡ್ಡಣ್ಣನ ಬಾಯಲ್ಲಿ ಮಾತು ನಿಲ್ಲುವುದುಂಟೇ? ಬ್ರೆಡ್ಡಿನ ಜೊತೆ ಸುದ್ದಿಯನ್ನೂ ಕಟ್ಟಿಕೊಟ್ಟ. ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಯಿತು. ಇತಿಹಾಸದ ಮೇಷ್ಟ್ರುಗಳು ಬಂದರು, ಅಳತೆಯವರು ಬಂದರು. ಬ್ರೆಡ್ಡಣ್ಣ ಅವರೆಲ್ಲರಿಗೂ ಬಿಸಿ ಬನ್ನು ಕೊಟ್ಟು, ತಾನೇ ದೀಪ ಹಿಡಿದು ಮುಂದೆ ನಡೆದ. ಬೀದಿಗಳ ಕೆಳಗೆ ಹಳೆಯ ಊರೇ ಮಲಗಿತ್ತು: ಸಾಲು ಕೋಣೆಗಳು, ಒಂದು ಬಾವಿ, ಬೆಟ್ಟದ ಬುಡದವರೆಗೆ ಹೋಗುವ ಸುರಂಗ. ಪೇಪರಿನಲ್ಲಿ ಅವನ ಫೋಟೋ ಬಂತು. ಅದರಲ್ಲೂ ಹುಬ್ಬಿನ ಮೇಲೆ ಹಿಟ್ಟು.

ಆಮೇಲೆ ಎಂಜಿನಿಯರುಗಳು ಬಂದರು. ಮೇಲಿನ ಮನೆಯ ಭಾರವನ್ನು ಕೆಳಗಿನ ಕಮಾನು ಇನ್ನು ಬಹಳ ಕಾಲ ತಡೆಯುವುದಿಲ್ಲ, ಭಟ್ಟಿಯ ಬಿಸಿಗೆ ಕಲ್ಲುಗಳು ಬಿರಿಯುತ್ತಿವೆ, ಇಲ್ಲಿ ಮನುಷ್ಯರು ಇರುವುದೇ ಅಪಾಯ ಎಂದರು. ಸುಳ್ಳೇನೂ ಹೇಳಲಿಲ್ಲ. ಮನೆ ಬಿಡಲು ನೋಟೀಸು ಬಂತು. ಪರಿಹಾರವನ್ನು ಸರಿಯಾಗಿಯೇ ಕೊಟ್ಟರು. ಮಗಳ ಮನೆಯ ಹತ್ತಿರ, ನಾಲ್ಕನೇ ಮಹಡಿಯಲ್ಲಿ ಒಂದು ಫ್ಲ್ಯಾಟು. ಹಳೆಯ ಮನೆ, ಭಟ್ಟಿ ಎಲ್ಲವನ್ನೂ ಕೆಡವಿದರು. ಯಾರೂ ಅನ್ಯಾಯ ಮಾಡಿರಲಿಲ್ಲ. ಕಷ್ಟವಾದದ್ದು ಅದೇ, ಮನಸಾರೆ ಬೈಯಲು ಒಬ್ಬ ಮನುಷ್ಯನೂ ಸಿಗಲಿಲ್ಲ.

ಫ್ಲ್ಯಾಟಿನಲ್ಲಿ ಬ್ರೆಡ್ಡಣ್ಣನ ಕೈಗೆ ಕೆಲಸವಿರಲಿಲ್ಲ. ಅಡುಗೆಮನೆಯ ಸಣ್ಣ ಓವನ್ನಿನಲ್ಲಿ ಒಮ್ಮೆ ಬ್ರೆಡ್ ಮಾಡಲು ಹೋಗಿ, ಅರ್ಧಕ್ಕೇ ತೆಗೆದು ಕಸದ ಬುಟ್ಟಿಗೆ ಹಾಕಿದ. ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕೂತು ಹೆಂಡತಿಗೆ ಹೇಳಿದ:

"ನೀನು ಅವತ್ತೇ ಹೇಳಿದ್ದೆ. ನಾನು ಕೇಳಲಿಲ್ಲ. ಒಂದ್ಸಲ ಬೈದ್ಬಿಡೇ."

"ಬೈದ್ರೆ ಮನೆ ವಾಪಸ್ ಬರುತ್ತಾ? ತಣ್ಣಗಾಗ್ತಿದೆ, ತಿನ್ನಿ."

ಅವನು ತಿನ್ನಲಿಲ್ಲ. ಬೈಗುಳವಾಗಿದ್ದರೆ ಹೇಗೋ ನುಂಗುತ್ತಿದ್ದ.

ನೆಲದಡಿಯ ಊರನ್ನು ಜನರಿಗೆ ತೆರೆದಾಗ ಬ್ರೆಡ್ಡಣ್ಣ ಎರಡು ಬಸ್ಸು ಬದಲಿಸಿ ನೋಡಲು ಹೋದ. ಪ್ರವೇಶ ಈಗ ಬೆಟ್ಟದ ಬುಡದ ಕಡೆಯಿಂದ. ಹಳದಿ ಹೆಲ್ಮೆಟ್ ಕೊಟ್ಟು ಸಾಲಾಗಿ ನಿಲ್ಲಿಸಿದರು. ಗೈಡ್ ಹುಡುಗಿ ಮುಂದೆ ನಡೆದಳು. "ತಲೆ ಜೋಪಾನ, ಬಗ್ಗಿ ಬನ್ನಿ." ಹಸಿ ಗೋಡೆಗಳು, ಹಗ್ಗದ ತಡೆ, ಬಾವಿಯ ತಳದಲ್ಲಿ ನೀಲಿ ದೀಪ. ಪರವೂರಿನವರು ಗೋಡೆಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಎಲ್ಲ ದಾಟಿ ಕೊನೆಯ ಕೋಣೆಗೆ ಬಂದಾಗ ಹುಡುಗಿ ಹೇಳಿದಳು: "ಇದು ಆ ಕಾಲದಲ್ಲಿ ಒಬ್ಬ ವರ್ತಕನ ಉಗ್ರಾಣ ಆಗಿದ್ದಿರಬಹುದು."

ಬ್ರೆಡ್ಡಣ್ಣ ಶಾಲೆಯ ಮಗುವಿನಂತೆ ಕೈ ಎತ್ತಿದ. "ಇದು ನಂದು ಕಣಮ್ಮ."

ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಅವನೂ ನಕ್ಕ. ಹೊರಗೆ ಬಂದ ಮೇಲೆ ಹುಡುಗಿ ಅವನನ್ನು ಕೂರಿಸಿ ಇಡೀ ಕಥೆ ಕೇಳಿದಳು, ಹೆಂಡತಿಯ ಫೋನ್ ನಂಬರನ್ನೂ ಬರೆದುಕೊಂಡಳು. ಅಂದಿನಿಂದ ಅವನು ವಾರ ವಾರ ಹೋಗುತ್ತಿದ್ದ. ಜೊತೆಗೆ ಬಾ ಎಂದು ಹೆಂಡತಿಯನ್ನು ಎಷ್ಟು ಕರೆದರೂ ಅವಳು ಹೋಗಲಿಲ್ಲ.

"ನಮಗೆ ಟೋಪಿ ಹಾಕಿದ್ದು ಸಾಲದಾ? ನನ್ನ ಮನೆಗೆ ನಾನೇ ಇನ್ನೊಂದು ಟೋಪಿ ಹಾಕ್ಕೊಂಡು ಹೋಗ್ಬೇಕಾ?"

ನಿಧಾನವಾಗಿ ಬ್ರೆಡ್ಡಣ್ಣನಿಗೆ ಮರೆವು ಶುರುವಾಯಿತು. ಮೊದಲು ಪದಗಳು ಹೋದವು, ಆಮೇಲೆ ಬೀದಿಗಳು. ಮಗಳನ್ನು ಗಿರಾಕಿ ಎಂದುಕೊಂಡು "ಏನು ಬೇಕಿತ್ತು?" ಎಂದು ಕೇಳಿದ. ಇದಕ್ಕೆ ಮದ್ದಿಲ್ಲ, ಒಬ್ಬರನ್ನೇ ಹೊರಗೆ ಬಿಡಬೇಡಿ ಎಂದರು ಡಾಕ್ಟರು. ಮಗಳು ಬಾಗಿಲಿಗೆ ಎತ್ತರದಲ್ಲಿ ಇನ್ನೊಂದು ಬೋಲ್ಟು ಹಾಕಿಸಿದಳು. ಆದರೂ ಹೆಂಡತಿ ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದ ಒಂದು ಹಗಲು ಅವನು ಹೊರಟೇಬಿಟ್ಟ. ಮಗಳ ಮುಖ ಮರೆತವನಿಗೆ ಆ ಎರಡು ಬಸ್ಸುಗಳು ಮರೆತಿರಲಿಲ್ಲ.

ಹೆಂಡತಿ ಮೆಟ್ಟಿಲು ಮೆಟ್ಟಿಲಲ್ಲೂ ಹುಡುಕುತ್ತಿರುವಾಗ ಗೈಡ್ ಹುಡುಗಿಯ ಫೋನ್ ಬಂತು. "ಅಮ್ಮಾ, ಅಜ್ಜ ಇಲ್ಲಿದ್ದಾರೆ. ಯಾರು ಕರೆದರೂ ಬರ್ತಿಲ್ಲ. ಬೇಗ ಬನ್ನಿ."

ಅವಳು ಟ್ಯಾಕ್ಸಿ ಹಿಡಿದು ಹೋದಳು. ಯಾರೋ ಹೆಲ್ಮೆಟ್ ಕೊಟ್ಟರು, ಹಾಕಿಕೊಂಡಳು. ಮೊದಲ ಸಲ ಆ ಸುರಂಗದಲ್ಲಿ ನಡೆದಳು. ಬಾವಿಯನ್ನಾಗಲಿ ಕಮಾನನ್ನಾಗಲಿ ನೋಡಲಿಲ್ಲ. ಕೊನೆಯ ಕೋಣೆ ಬಂತು. ಹಗ್ಗದ ಆಚೆ ಅವರ ಹಳೆಯ ಮೆಟ್ಟಿಲುಗಳು ಹಾಗೇ ಇದ್ದವು. ಒಂದು ಕಾಲಕ್ಕೆ ಭಟ್ಟಿಯ ಕೋಣೆಗೆ ಹೋಗುತ್ತಿದ್ದ ಆ ಮೆಟ್ಟಿಲುಗಳು ಈಗ ಕಾಂಕ್ರೀಟಿನ ಚಾವಣಿಗೆ ಮುಟ್ಟಿ ನಿಂತಿದ್ದವು.

ಅವನು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಬಗ್ಗಿ ನಿಂತಿದ್ದ. ಹೆಲ್ಮೆಟ್ ಕೆಳಗೆ ಬಿದ್ದಿತ್ತು. ಎರಡೂ ಕೈಗಳು ಎದೆಯ ಮುಂದೆ ಏನನ್ನೋ ತಬ್ಬಿದಂತೆ ದುಂಡಗಿದ್ದವು. ಅವನು ಹಣೆಯಿಂದ ಕಾಂಕ್ರೀಟನ್ನು ಕುಟ್ಟುತ್ತಿದ್ದ. ಹಣೆ ಒಡೆದು ರಕ್ತ ಮೂಗಿನವರೆಗೆ ಇಳಿದಿತ್ತು.

"ತೆಗಿಯೇ! ಕೈ ತುಂಬ ಇದೆ!"

ಅವಳು ಹಗ್ಗ ದಾಟಿ ಹತ್ತಿ ಹೋಗಿ ಅವನ ಬೆನ್ನು ಮುಟ್ಟಿದಳು. ಅವನು ತಿರುಗಿ ನೋಡಿ ಗಾಬರಿಯಾದ.

"ನೀನ್ಯಾಕೆ ಕೆಳಗಿಂದ ಬಂದೆ? ನೀನು ಒಳಗಿದ್ದು ತೆಗೀಬೇಕಲ್ವಾ?"

ಅವಳು ಗೋಡೆಗೆ ಕೈ ಕೊಟ್ಟು ನಿಂತು ಸುಧಾರಿಸಿಕೊಂಡಳು.

"ಚಿಲಕ ಕೆಟ್ಟಿದೆ ರೀ. ಬಡಗಿಗೆ ಹೇಳಿದ್ದೀನಿ. ಇವತ್ತು ಸುತ್ತಿ ಹೋಗೋಣ, ಬನ್ನಿ."

"ಮತ್ತೆ ಹಿಟ್ಟು?"

"ಇಲ್ಲಿ ಕೊಡಿ."

ಅವಳು ಎರಡೂ ಕೈ ಚಾಚಿದಳು. ಅವನು ಜೋಪಾನವಾಗಿ, ಅಂಚು ತಾಗದಂತೆ, ಆ ಇಲ್ಲದ ಬೋಗುಣಿಯನ್ನು ಅವಳ ಕೈಗಿಟ್ಟ. "ಭಾರ ಇದೆ, ನೋಡ್ಕೋ." ಅವಳು ಅದನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಇಳಿದಳು. ಅವನು ಅವಳ ಭುಜ ಹಿಡಿದು ಹಿಂದೆ ಬಂದ. ನೋಡಲು ಬಂದವರೆಲ್ಲ ಗೋಡೆಗೆ ಸರಿದು ದಾರಿ ಬಿಟ್ಟರು. ಯಾರೂ ಫೋಟೋ ತೆಗೆಯಲಿಲ್ಲ. ಸುರಂಗದ ಉದ್ದಕ್ಕೂ ಅವಳು ಕೈ ಸಡಿಲಿಸಲಿಲ್ಲ. ಎಲ್ಲಾದರೂ ಬಿಟ್ಟರೆ ಅವನು ನೋಡಿಬಿಡುತ್ತಾನೆ ಎಂದು ಹೆದರಿದ್ದಳು.

ಹೊರಗೆ ಬಿಸಿಲು. ಅವಳಿಗೆ ಏನು ಮಾಡಬೇಕೋ ತೋಚಲಿಲ್ಲ.

"ಎಲ್ಲಿಡ್ಲಿ ರೀ?"

"ಭಟ್ಟಿ ಪಕ್ಕ."

ಅವಳು ಬಗ್ಗಿ, ಫುಟ್‌ಪಾತಿನ ಮೇಲೆ ಅದನ್ನು ಮೆಲ್ಲಗೆ ಇಟ್ಟಳು. ಆಮೇಲೆ ಏಳಲಾಗಲಿಲ್ಲ. ಅಲ್ಲೇ ಕುಕ್ಕರಿಸಿ ಕೂತು ಅತ್ತಳು. ಮನೆ ಬಿಟ್ಟ ದಿನ ಅಳದವಳು, ಭಟ್ಟಿ ಒಡೆಯುವಾಗ ಬೆನ್ನು ತಿರುಗಿಸಿ ನಿಂತಿದ್ದವಳು, ದಾರಿಹೋಕರ ನಡುವೆ ಬಾಯಿ ಬಿಟ್ಟು ಅತ್ತಳು. ಗೈಡ್ ಹುಡುಗಿ ನೀರು ತಂದುಕೊಟ್ಟಳು. ಬ್ರೆಡ್ಡಣ್ಣ ಪಕ್ಕದಲ್ಲಿ ನಿಂತು, ಯಾರೋ ಅಪರಿಚಿತ ಹೆಂಗಸು ಅಳುತ್ತಿದ್ದಾಳೆಂಬಂತೆ ಸಂಕೋಚದಿಂದ ನೋಡುತ್ತಿದ್ದ.

ಮತ್ತೆ ಅವನು ಹೊರಗೆ ಹೋಗಲಿಲ್ಲ. ಹಾಸಿಗೆ ಹಿಡಿದ. ಚಳಿಗಾಲ ಮುಗಿಯುವ ಮೊದಲೇ, ಮಗಳು ಕೆಲಸ ಮಾಡುವ ಆಸ್ಪತ್ರೆಯಲ್ಲಿ, ಮಗಳ ಕೈಯನ್ನು ಹೆಂಡತಿಯದೆಂದು ತಿಳಿದು ಹಿಡಿದುಕೊಂಡೇ ತೀರಿಕೊಂಡ. ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದಳು.

ಕೆಲವು ವಾರ ಬಿಟ್ಟು ಗೈಡ್ ಹುಡುಗಿ ಮನೆಗೆ ಬಂದಳು. ಮೇಲಧಿಕಾರಿಗಳನ್ನು ಒಪ್ಪಿಸಿದ್ದೇನೆ, ಕೊನೆಯ ಕೋಣೆಯಲ್ಲಿ ಅಜ್ಜನ ಫೋಟೋ ಹಾಕಿ ಕೆಳಗೆ ಅವರ ವಿಷಯ ಬರೆಸುತ್ತೇವೆ ಎಂದಳು. ಖುಷಿಯಾದೀತು ಎಂದುಕೊಂಡು ಅಷ್ಟು ದೂರ ಬಂದಿದ್ದಳು.

"ಬೇಡಮ್ಮ," ಎಂದಳು ಬ್ರೆಡ್ಡಣ್ಣನ ಹೆಂಡತಿ.

"ಯಾಕಮ್ಮ? ಜನರಿಗೆ ಗೊತ್ತಾಗಲಿ."

"ಅಲ್ಲಿರೋರೆಲ್ಲ ಯಾವತ್ತೋ ಸತ್ತವರು. ಜನ ನೋಡ್ತಾರೆ, ಮುಂದಿನ ಕೋಣೆಗೆ ಹೋಗ್ತಾರೆ. ಇವರನ್ನ ಅವರ ಜೊತೆ ಸೇರಿಸ್ಬೇಡ. ಇವರ ಬಟ್ಟೆ ವಾಸನೆ ಕೂಡ ಇನ್ನೂ ಹೋಗಿಲ್ಲ ಮಗಳೇ."

ಹುಡುಗಿ ತಲೆ ತಗ್ಗಿಸಿ ಆಗಲಿ ಎಂದಳು. ಆ ಕೋಣೆಗೆ ಜನರನ್ನು ಕರೆತಂದಾಗ ಅವಳು ಈಗಲೂ ವರ್ತಕನ ಉಗ್ರಾಣ ಎಂದೇ ಹೇಳುತ್ತಾಳೆ.