ನಾರ್ಮನ್ ಮುಂದೆ, ಡಾಟ್ ಹಿಂದೆ

ಡೆನಿಲಿಕ್ವಿನ್ ಪಟ್ಟಣದ ಸುತ್ತಲಿನ ಉಣ್ಣೆ ಕತ್ತರಿಸುವ ಶೆಡ್‌ಗಳಿಗೆ ಬಯಲಿನಿಂದ ಕುರಿಗಳನ್ನು ಅಟ್ಟಿ ತರುವುದು ನನ್ನ ನೆರೆಯವರಾದ ನೊರೀನ್ ಹ್ಯಾಡ್ರಿಕ್ ಅವರ ಕಸುಬು. ಅರವತ್ತು ದಾಟಿದ ಅವರಿಗೆ ಜೊತೆಯೆಂದರೆ ಕುರಿ ಅಟ್ಟುವ ಕೆಲ್ಪಿ ತಳಿಯ, ಡಾಟ್ ಎಂಬ ಕೆಂಚು ನಾಯಿ. ಮನುಷ್ಯರೊಡನೆ ಮಿತಭಾಷಿಯಾದ ನೊರೀನ್, ಡಾಟ್ ಜೊತೆಯಲ್ಲಿ ಮಾತ್ರ ಹವಾಮಾನದಿಂದ ರಾಜಕಾರಣದವರೆಗೆ ಎಲ್ಲವನ್ನೂ ಚರ್ಚಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ಡಾಟ್‌ನ ಒಂದು ಹಿಂಗಾಲಿನ ಮಂಡಿಯಲ್ಲಿ ಅಸ್ಥಿರಜ್ಜು ಹರಿದು, ಮೂಳೆ ಕೊಯ್ದು ಲೋಹದ ಪಟ್ಟಿ ಕೂಡಿಸಬೇಕಾಯಿತು. ಚೇತರಿಸಿಕೊಂಡ ಮೇಲೆ ಅದು ಎಂದಿನಂತೆ, ಮುಂದಿನ ಕುರಿಗಳನ್ನು ಅಟ್ಟಲು ದೊಡ್ಡಿಯಲ್ಲಿ ಒತ್ತೊತ್ತಾಗಿ ನಿಂತ ಕುರಿಗಳ ಬೆನ್ನ ಮೇಲೆಯೇ ಓಡತೊಡಗಿತು. ಪ್ರಕರಣ ಮುಗಿಯಿತೆಂದು ಎಲ್ಲರೂ ಭಾವಿಸಿದರು. ಈ ಚಳಿಗಾಲದಲ್ಲಿ ಮಾತ್ರ ಡಾಟ್ ಪಿಕಪ್ಪಿನ ಹಿಂಬದಿಗೆ ಹಾರುವ ಮುನ್ನ ನಿಂತು ಆಲೋಚಿಸಲಾರಂಭಿಸಿತು.

ಪಶುವೈದ್ಯೆ ಟ್ಯಾಮ್ಸಿನ್ ಮಂಡಿಯನ್ನು ಮಡಿಸಿ, ಬಿಡಿಸಿ ನೋಡಿದರು.

"ಆಪರೇಶನ್ ಚೆನ್ನಾಗೇ ಆಗಿದೆ. ಆದ್ರೆ ಕೀಲು ಹೊಸದಾಗಲ್ಲ ನೊರೀನ್. ಹರಿದಾಗಿಂದ ಒಳಗೆ ಸವೀತಾನೇ ಇದೆ, ಸಂಧಿವಾತ. ಆ ಕಾಲು ಉಳಿಸ್ಕೊಳ್ಳೋಕೆ ಹೋಗಿ ಇನ್ನೊಂದರ ಮೇಲೆ ಭಾರ ಬೀಳ್ತಿದೆ."

"ಹಾಗಾದ್ರೆ ಸೋಫಾ ಮೇಲೆ ಕೂರಿಸ್ಲಾ?"

"ಕೂತ್ರೆ ಕೀಲು ಇನ್ನೂ ಬಿಗಿಯಾಗತ್ತೆ, ತೂಕಾನೂ ಏರತ್ತೆ. ಓಡಾಡ್ಲಿ. ಹಾರೋದು, ಕುರಿ ಬೆನ್ನ ಮೇಲೆ ಹತ್ತೋದು ಬೇಡ. ಇನ್ನೊಂದು ಮಂಡಿನೂ ಹೋದ್ರೆ ಕೆಲಸ ಮುಗೀತು ಅಂತ್ಲೇ."

ಕೆಲಸವಿಲ್ಲದ ಡಾಟನ್ನು ಊಹಿಸಿಕೊಳ್ಳಲು ನೊರೀನ್‌ಗೆ ಆಗಲಿಲ್ಲ. ಮರುದಿನ ಅದನ್ನು ತಾವೇ ಎತ್ತಿ ಪಿಕಪ್ಪಿನಲ್ಲಿರಿಸಿ ಶೆಡ್‌ಗೆ ಒಯ್ದು, ಎತ್ತಿಯೇ ಇಳಿಸಿದರು. ಮೇಸ್ತ್ರಿ ಕ್ಲೆಮ್ ಅದಕ್ಕೇ ಕಾದಿದ್ದಂತಿತ್ತು.

"ಏನ್ ನೊರೀನ್, ಮದುಮಗಳನ್ನ ಎತ್ಕೊಂಡು ಬಂದ್ಯಾ?"

"ಹೂಂ ಕಣೋ. ನಿನ್ನ ಎತ್ತೋಕೆ ಕ್ರೇನೇ ಬೇಕು."

ಆದರೆ ಅವಮಾನ ಹೆಚ್ಚಾಗಿ ತಟ್ಟಿದ್ದು ಡಾಟ್‌ಗೆ. ಅದು ವಾಹನದಡಿ ಸೇರಿಕೊಂಡು, ಬಹಳ ಹೊತ್ತು ಹೊರಬರಲಿಲ್ಲ.

ಆ ವಾರಾಂತ್ಯ ನೊರೀನ್, ಡಾಟ್ ತಾನೇ ಪಿಕಪ್ಪಿಗೆ ಹತ್ತಲೆಂದು ಒಂದು ಇಳಿಜಾರು ಹಲಗೆಯನ್ನು ತಯಾರಿಸಿದರು. ಲಾರಿಗೆ ಕುರಿ ಹತ್ತಿಸುವ ಹಲಗೆಯನ್ನಲ್ಲದೆ ಬೇರೇನನ್ನೂ ಮಾಡಿ ಗೊತ್ತಿರದ ಅವರು ಇದಕ್ಕೂ ಅಡ್ಡಪಟ್ಟಿ, ಪಕ್ಕದ ಕಟಕಟೆಗಳನ್ನು ಜೋಡಿಸಿದರು. ಡಾಟ್ ಅದರ ಬುಡದಲ್ಲಿ ಶಿಸ್ತಾಗಿ ಕುಳಿತಿತು. ಕರೆದರೂ ಗದರಿದರೂ ಹತ್ತಲಿಲ್ಲ. ಮೇಲಿಟ್ಟ ಸಾಸೇಜನ್ನು ನೋಡಿ ಜೊಲ್ಲು ಸುರಿಸಿತೇ ಹೊರತು ಹೆಜ್ಜೆಯಿಡಲಿಲ್ಲ. ಮತ್ತೆ ಮತ್ತೆ ಹಿತ್ತಿಲತ್ತ ತಿರುಗಿ, ಯಾರಿಗೋ ಕಾಯುವಂತೆ ನೋಡುತ್ತಿತ್ತು.

"ಥೂ ನನ್ನ ಬುದ್ಧಿಗಿಷ್ಟು!" ಎಂದು ನೊರೀನ್ ಹಣೆ ಚಚ್ಚಿಕೊಂಡರು. "ಮೊದ್ಲು ಕುರಿ ಹತ್ಬೇಕು, ಹಿಂದೆ ನೀನು. ನಾನೇ ಕಲಿಸಿದ್ದಲ್ವೇನೇ!"

ಅವರು ಸೀಸೆಯ ಹಾಲೂಡಿಸಿ ಬೆಳೆಸಿದ್ದ ನಾರ್ಮನ್ ಎಂಬ ಟಗರು ಹಿತ್ತಿಲಲ್ಲಿ ಗುಲಾಬಿ ಗಿಡ ಮೇಯುತ್ತಿತ್ತು. ಅದನ್ನು ತಂದು ಹಲಗೆಗೆ ಬಿಟ್ಟರು. ಡಾಟ್ ಎದ್ದು, ಕಿವಿ ನಿಮಿರಿಸಿ, ನಾರ್ಮನ್‌ನ ಹಿಂದೆ ಪೂರ್ಣ ಅಧಿಕಾರದಿಂದ ಮೇಲೇರಿತು.

ಅಂದಿನಿಂದ ನಾರ್ಮನ್ ಪ್ರತಿದಿನವೂ ಹೋಗುತ್ತದೆ. ಶೆಡ್‌ನಲ್ಲಿ ಅದು ಮೊದಲು ಇಳಿದು, ನಿಶ್ಚಿಂತೆಯಿಂದ ದೊಡ್ಡಿಯತ್ತ ನಡೆದರೆ ಅಲ್ಲಿನ ಕುರಿಗಳು ಸಾಲಾಗಿ ಹಿಂಬಾಲಿಸುತ್ತವೆ. ಡಾಟ್‌ಗೆ ಹಾರುವ ಅಗತ್ಯವೇ ಬೀಳುವುದಿಲ್ಲ. ಹಿಂದಿನಿಂದ ನಡೆದರೆ ಸಾಕು. ಚಳಿಯ ಬೆಳಗುಗಳಲ್ಲಿ ಈಗಲೂ ಕುಂಟುತ್ತದೆ, ಆದರೆ ಇನ್ನೊಂದು ಮಂಡಿ ಗಟ್ಟಿಯಾಗಿದೆ.

ಮೊನ್ನೆ ಕ್ಲೆಮ್ ಬೇಲಿಗೊರಗಿ ಈ ಮೆರವಣಿಗೆಯನ್ನು ನೋಡಿದ.

"ಅಲ್ಲ ನೊರೀನ್, ಕೆಲಸವೆಲ್ಲ ಆ ಟಗರೇ ಮಾಡ್ತಿದೆಯಲ್ಲ?"

"ಮೆತ್ತಗೆ ಮಾತಾಡೋ," ಎಂದರು ನೊರೀನ್. "ಡಾಟ್‌ಗೆ ಕೇಳಿಸಿಬಿಟ್ಟೀತು."