ಅಜ್ಜಿ ಹೊಳೆ ಎಂದ ಕಾಲುವೆ

ಅದು ಫೋನ್ ಕಾರ್ಡಿನ ಕಾಲ. ಊರಿಗೆ ಮಾತಾಡಬೇಕೆಂದರೆ ಕಾರ್ಡಿನ ಹಿಂದಿನ ಬೂದು ಪಟ್ಟಿ ಕೆರೆದು, ಉದ್ದುದ್ದ ನಂಬರು ಒತ್ತಿ, ನಿಮಿಷ ಮುಗಿಯುವುದರೊಳಗೆ ಎಲ್ಲರ ಆರೋಗ್ಯ ವಿಚಾರಿಸಿ ಮುಗಿಸಬೇಕಿತ್ತು. ತೊಂಬತ್ತರ ದಶಕದ ಆ ದಿನಗಳಲ್ಲಿ ನಾವು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿದ್ದೆವು. ಅಪ್ಪ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಹತ್ತಿರ ಕಟ್ಟಡಗಳ ವಿನ್ಯಾಸ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಅವನು ವಿಜಾಪುರದವನು, ಅಮ್ಮ ಮೈಸೂರಿನವಳು. ಹತ್ತು ವರ್ಷದ ನನಗೆ ಮನೆಯೊಳಗೆ ಎರಡು ಕನ್ನಡ, ಹೊರಗೆ ಇಂಗ್ಲಿಷು.

ಆ ವರ್ಷ ಫೆಬ್ರವರಿಯಲ್ಲಿ ಅಪ್ಪನ ತಾಯಿ, ನನ್ನ ಅಜ್ಜಿ, ನಮ್ಮಲ್ಲಿಗೆ ಬಂದಳು. ಅಪ್ಪ ಒಬ್ಬನೇ ಮಗ. ಅಜ್ಜ ತೀರಿಕೊಂಡ ಮೇಲೆ ವಿಜಾಪುರದ ಬಾಡಿಗೆ ಮನೆ ಬಿಟ್ಟುಕೊಟ್ಟು, ಒಂದು ಟ್ರಂಕು, ಒಂದು ಶ್ಯಾವಿಗೆ ಮಣೆ, ಜೊತೆಗೆ ಹಳೆಯ ಉಬ್ಬಸ ಕಟ್ಟಿಕೊಂಡು ಬಂದಿದ್ದಳು. ಉಬ್ಬಸಕ್ಕೆ ಆಕೆ ದಮ್ಮು ಎನ್ನುತ್ತಿದ್ದಳು. ವಿಜಾಪುರದ ಒಣ ಹವೆಯಲ್ಲಿ ಅದು ಚಳಿಗಾಲಕ್ಕೆ ಬಂದು ಹೋಗುವ ನೆಂಟನಾಗಿತ್ತಂತೆ. ಕ್ಯಾರಿಯಲ್ಲಿ ಮನೆ ಅಳಿಯನಾಗಿ ಕೂತುಬಿಟ್ಟಿತು.

ಏಪ್ರಿಲ್‌ನಲ್ಲಿ ಬಿಸಿಲು ಕಂಡಿದ್ದೇ ಅಜ್ಜಿಯ ಕೈ ಸುಮ್ಮನಿರಲಿಲ್ಲ. ಅಕ್ಕಿ ಹಿಟ್ಟು ಕಾಯಿಸಿ, ಅಮ್ಮನ ಹಳೆಯ ಸೀರೆಯನ್ನು ಹಿತ್ತಲಿನ ಮರದ ಜಗಲಿಯಂಥ ಡೆಕ್ ಮೇಲೆ ಹಾಸಿ ಸಂಡಿಗೆ ಇಟ್ಟಳು. ಬೆಳಿಗ್ಗೆ ನೋಡಿದರೆ ಸಂಡಿಗೆಯೆಲ್ಲ ಹಳದಿ.

“ಯಾರವ್ವಾ ಇದಕ್ಕ ಅರಿಷಿಣ ಹಾಕಿದವ್ರು?”

“ಪಾಲೆನ್ ಅತ್ತೆ, ಪೈನ್ ಮರದ ಹೂವಿನ ಪುಡಿ. ಕಾರೆಲ್ಲಾ ಹೀಗೇ ಆಗಿದೆ ನೋಡಿ,” ಎಂದಳು ಅಮ್ಮ.

ಅಜ್ಜಿ ಬೆರಳಿಗೆ ಹಚ್ಚಿಕೊಂಡು ಮೂಸಿದಳು. ಸೀನು ಬಂತು, ಸೀನಿನ ಹಿಂದೆ ಕೆಮ್ಮು, ಕೆಮ್ಮಿನ ಹಿಂದೆ ದಮ್ಮು. ಸಂಜೆಯವರೆಗೂ ಎದೆಯೊಳಗೆ ಶಿಳ್ಳೆ ನಿಲ್ಲಲಿಲ್ಲ. ಸಂಡಿಗೆಯಂತೂ ಎಷ್ಟು ಕಾದರೂ ಒಣಗದೆ ಮುಗ್ಗುಲು ಹಿಡಿಯಿತು. ಅಜ್ಜಿ ಮಲಗಿದ್ದಾಗ ಅಮ್ಮ ಅದನ್ನೆಲ್ಲ ಕಸದ ಚೀಲಕ್ಕೆ ತುಂಬಿ ಹೊರಗಿಟ್ಟಳು.

ಮೇ ತಿಂಗಳಲ್ಲಿ ಕಂಪನಿಯವರು ಅಪ್ಪನನ್ನು ದೇಶದ ಪಶ್ಚಿಮ ಭಾಗದ ಒಂದು ಸಣ್ಣ ಊರಿಗೆ ಕಳಿಸಿದರು. ಅಲ್ಲಿ ಆಸ್ಪತ್ರೆಗೆ ಹೊಸ ಕಟ್ಟಡ ಏಳುತ್ತಿತ್ತು, ಸೆಪ್ಟೆಂಬರ್ ತನಕ ಕೆಲಸ. ಊರಿನ ಹೆಸರು ಹೇಳಿದರೂ ಯಾರಿಗೂ ಗೊತ್ತಿರಲಿಕ್ಕಿಲ್ಲ. “ಹವಾ ಭಾಳ ಒಣಾ ಅದ ಅಂತ, ಅವ್ವಗ ಚಲೋ ಆಗಬಹುದು,” ಎಂದು ಅಪ್ಪ ನಮ್ಮನ್ನೆಲ್ಲ ಹೊರಡಿಸಿದ. ಎತ್ತರದ ಮರುಭೂಮಿ ಎಂದು ಕೇಳಿ ನಾನು ಒಂಟೆ ಇರುತ್ತದೆಂದುಕೊಂಡಿದ್ದೆ.

ಒಂಟೆ ಇರಲಿಲ್ಲ, ಮರಳೂ ಇರಲಿಲ್ಲ. ಬೂದು ಬಣ್ಣದ ಬಯಲು, ಅದರ ತುಂಬ ಮೊಣಕಾಲೆತ್ತರದ ಸೇಜ್ ಗಿಡ, ಬಹಳ ದೂರದಲ್ಲಿ ಬೇಸಿಗೆಯಲ್ಲೂ ಹಿಮ ಹೊತ್ತ ಬೆಟ್ಟ. ಊರೆಂದರೆ ಒಂದು ಮುಖ್ಯ ಬೀದಿ, ಒಂದು ಚರ್ಚು, ದನದ ಮೇವು ಮಾರುವ ಒಂದು ಫೀಡ್ ಅಂಗಡಿ, ನೀರು ತಲುಪಿದಷ್ಟು ದೂರ ಹಸಿರು. ನೀರು ಮುಗಿದಲ್ಲಿ ಹಸಿರೂ ಮುಗಿಯುತ್ತಿತ್ತು. ಒಂದು ಕಾಲು ಹುಲ್ಲಿನ ಮೇಲೆ, ಇನ್ನೊಂದು ಕಾಲು ಧೂಳಿನಲ್ಲಿಟ್ಟು ನಾನು ನಿಂತು ನೋಡಿದ್ದೇನೆ. ಮಧ್ಯಾಹ್ನ ಕೆಂಡದಂಥ ಬಿಸಿಲು, ರಾತ್ರಿಗೆ ಜುಲೈಯಲ್ಲೂ ಸ್ವೆಟರ್. ತುಟಿ ಒಡೆಯುತ್ತಿತ್ತು, ಬಾಗಿಲ ಹಿಡಿ ಮುಟ್ಟಿದರೆ ಚಟ್ಟೆಂದು ಶಾಕ್. ಅಷ್ಟು ಎತ್ತರದಲ್ಲಿ ಬೇಳೆ ಬೇಯಲು ಹಟ ಮಾಡುತ್ತಿತ್ತು, ಅಮ್ಮ ಕುಕ್ಕರಿನ ಜೊತೆ ದಿನಾ ಜಗಳವಾಡುತ್ತಿದ್ದಳು. ಅಪರೂಪಕ್ಕೆ ನಾಲ್ಕು ಹನಿ ಬಿದ್ದರೆ ಸೇಜ್ ಗಿಡದಿಂದ ಒಂದು ಘಮ ಏಳುತ್ತಿತ್ತು, ಸ್ವಲ್ಪ ಕಹಿ, ಸ್ವಲ್ಪ ಕರ್ಪೂರ. ಆ ವಾಸನೆ ನನಗೆ ಆಮೇಲೆ ಎಲ್ಲೂ ಸಿಕ್ಕಿಲ್ಲ.

ಬಾಡಿಗೆ ಮನೆಯ ಮುಂದೆ ಕಾರಿಳಿದ ಅಜ್ಜಿ ಅಂಗಳದಲ್ಲೇ ನಿಂತಳು. ಎದೆಯ ಮೇಲೆ ಅಂಗೈ ಇಟ್ಟುಕೊಂಡು ಉಸಿರೆಳೆದಳು, ಬಿಟ್ಟಳು. ಮತ್ತೊಮ್ಮೆ ಎಳೆದಳು. ಶಿಳ್ಳೆ ಬರುತ್ತದೇನೋ ಎಂದು ನಾವು ಮೂವರೂ ಆಕೆಯ ಮುಖವನ್ನೇ ನೋಡುತ್ತಿದ್ದೆವು. ಬರಲಿಲ್ಲ.

“ಇದು ನಮ್ಮ ಕಡೀ ಹವಾನ ಅದ ನೋಡೋ,” ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಸೂಟ್‌ಕೇಸ್ ಇಳಿಸುವ ನೆಪದಲ್ಲಿ ಆ ಕಡೆ ತಿರುಗಿದ. ಅವನ ಕಣ್ಣು ತುಂಬಿದ್ದು ನನಗೆ ಕಂಡಿತು.

ಹಿತ್ತಲಿನ ಬೇಲಿಯಾಚೆ ಕಾಲುವೆ ಹರಿಯುತ್ತಿತ್ತು. ದಂಡೆ ತುಂಬ ನೀರು, ಸದ್ದಿಲ್ಲದ ಓಟ. ಊರು ಬದುಕಿದ್ದೇ ಆ ನೀರಿನಿಂದ. ಪ್ರತಿ ಮನೆಗೂ ತನ್ನ ಪಾಳಿ ಬಂದಾಗ ಸಣ್ಣ ಗೇಟು ಎತ್ತಿ ಹಿತ್ತಲಿಗೆ ನೀರು ಹಾಯಿಸಿಕೊಳ್ಳುವ ಹಕ್ಕಿತ್ತು. ಅಜ್ಜಿ ಅದನ್ನು ಹೊಳಿ ಎಂದೇ ಕರೆದಳು. ಶುಕ್ರವಾರ ದಂಡೆಗೆ ಹೋಗಿ ಅರಿಷಿಣ ಕುಂಕುಮ ಬಿಟ್ಟು, ಅಂಗಳದ ಹೂವೊಂದನ್ನು ತೇಲಿಸಿ, ಕೈ ಮುಗಿದು ಬರುತ್ತಿದ್ದಳು.

“ಅಜ್ಜಿ, ಅದು ಕೆನಾಲ್,” ಎಂದೆ ನಾನು.

“ಹರಿಯೂ ನೀರೆಲ್ಲಾ ಹೊಳೀನ. ಮುಂದ ಎಲ್ಲಿಗೆ ಹೋಗ್ತದ, ಕೇಳು ಆಕಿನ್ನ.”

ಆಕಿ ಎಂದರೆ ಪಕ್ಕದ ಮನೆಯ ರೂತ್ ಆಂಟಿ. ಗಂಡ ಸತ್ತ ಮೇಲೆ ಒಬ್ಬಳೇ ಇದ್ದ ಎತ್ತರದ ಮುದುಕಿ, ಸದಾ ಗಂಡಸರ ಟೋಪಿ. ನಾನು ಕೇಳಿದೆ. ಎಲ್ಲಿಗೂ ಹೋಗುವುದಿಲ್ಲ, ದನದ ಮೇವಿನ ಹೊಲಗಳಿಗೆ ಹರಿದು ಅಲ್ಲೇ ಮುಗಿಯುತ್ತದೆ ಎಂದಳು ರೂತ್ ಆಂಟಿ. ಅಜ್ಜಿಗೆ ಅದು ಬಹಳ ಹಿಡಿಸಿತು. “ಸಮುದ್ರಕ್ಕ ಹೋಗಿ ಏನು ಮಾಡೂದದ? ಹೊಲಾ ಮುಟ್ಟತದ, ಅಷ್ಟ ಸಾಕು,” ಎಂದಳು.

ಜುಲೈಯಲ್ಲಿ ರೂತ್ ಆಂಟಿಯ ಏಪ್ರಿಕಾಟ್ ಮರ ಹಣ್ಣಾಯಿತು. ಹಣ್ಣು ಸೀಳಿ, ಬೀಜ ತೆಗೆದು, ಜಾಲರಿ ಬಡಿದ ಮರದ ಚೌಕಟ್ಟಿನ ಮೇಲೆ ಬಿಸಿಲಿಗಿಡುತ್ತಿದ್ದಳು. ಅಜ್ಜಿ ಬೇಲಿಯ ಮೇಲಿಂದ ಒಂದು ದಿನ ನೋಡಿದಳು, ಎರಡನೆಯ ದಿನ ಗೋದಿ ಹಿಟ್ಟು ಮಿದ್ದು ಶ್ಯಾವಿಗೆ ಮಣೆ ಎತ್ತಿಕೊಂಡು ಆ ಅಂಗಳಕ್ಕೇ ಹೋಗಿ ಕೂತಳು. ಒಬ್ಬಳಿಗೆ ಕನ್ನಡ, ಇನ್ನೊಬ್ಬಳಿಗೆ ಇಂಗ್ಲಿಷು, ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಅಜ್ಜಿ ಹೊಸೆದು ಇಳಿಬಿಟ್ಟ ಎಳೆ ಮಧ್ಯಾಹ್ನದ ಊಟದ ಹೊತ್ತಿಗೆ ಮುರಿದರೆ ಪಟ್ ಅನ್ನುವಷ್ಟು ಒಣಗಿರುತ್ತಿತ್ತು. ಆ ಪಟ್ ಸದ್ದಿಗೆ ಅಜ್ಜಿ ನಗುತ್ತಿದ್ದ ನಗುವನ್ನು ಕ್ಯಾರಿಯಲ್ಲಿ ನಾನು ಕಂಡೇ ಇರಲಿಲ್ಲ. ಮನೆಗೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವ ಚರ್ಚಿನ ಪಾಟ್‌ಲಕ್‌ಗೆ ಅಮ್ಮ ಶ್ಯಾವಿಗೆ ಪಾಯಸ ಒಯ್ದಳು. ಊರಿನವರು ಅದನ್ನು ಪುಡ್ಡಿಂಗ್ ಎಂದುಕೊಂಡು ಪಾತ್ರೆ ಬಳಿದು ತಿಂದರು. ನಮ್ಮ ಪಾಳಿಯ ದಿನ ಅಪ್ಪ ಏಳುವುದು ತಡವಾದರೆ ಯಾರಾದರೂ ಒಬ್ಬರು ಬಂದು ನಮ್ಮ ಗೇಟು ಎತ್ತಿಟ್ಟು ಹೋಗಿರುತ್ತಿದ್ದರು.

ಆಗಸ್ಟ್ ಕೊನೆಗೆ ಒಂದು ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಎಲ್ಲರೂ ಕೂತಿದ್ದಾಗ ಅಪ್ಪ ಹೇಳಿದ, “ಇನ್ನ ಎರಡು ವರ್ಷ ಇಲ್ಲೇ ಇರು ಅನ್ಲಿಕ್ಕತ್ತಾರ. ಇನ್ನೊಂದು ಕಟ್ಟಡ ಅದ ಅಂತ.”

“ಇದ್ಬಿಡೋಣ ರೀ. ಅತ್ತೆ ಎಷ್ಟು ಚೆನ್ನಾಗಿದ್ದಾರೆ ಇಲ್ಲಿ,” ಎಂದಳು ಅಮ್ಮ.

“ಗ್ರೀನ್ ಕಾರ್ಡ್ ಫೈಲ್ ಮಾಡಿದ್ದು ಕ್ಯಾರಿ ಆಫೀಸಿನಿಂದ. ಇಲ್ಲಿ ಉಳಿದ್ರ ಮತ್ತ ಮೊದಲಿಂದ ಸ್ಟಾರ್ಟ್ ಮಾಡಬೇಕಂತ, ಲಾಯರ್‌ನ ಕೇಳಿದೆ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಂಥವರಿಗಾಗಿಯೇ ಹುಟ್ಟಿದ್ದಿರಬೇಕು. ಅಪ್ಪ ಅಜ್ಜಿಯ ಕಡೆ ತಿರುಗಿದ.

“ಅವ್ವಾ, ಇನ್ನ ಸ್ವಲ್ಪ ತಡಿ. ಒಂದು ವರ್ಷ. ಕಾರ್ಡ್ ಬಂದ್ರ ಇಲ್ಲೇ ಬಂದು ಮನಿ ಮಾಡೋಣು.”

“ತಡೀತೀನೇಳೋ. ನನಗೇನು ಗಡಿಬಿಡಿ ಅದ?” ಎಂದಳು ಅಜ್ಜಿ.

ಸೆಪ್ಟೆಂಬರ್ ಕೊನೆಗೆ ಕ್ಯಾರಿಗೆ ವಾಪಸಾದಾಗ ಮಳೆ ಹಿಡಿದಿತ್ತು. ಟವೆಲ್ ಒಣಗುತ್ತಿರಲಿಲ್ಲ, ಉಪ್ಪು ಡಬ್ಬಿಯಲ್ಲೇ ನೀರೊಡೆಯುತ್ತಿತ್ತು. ವಾರದೊಳಗೆ ಅಜ್ಜಿಯ ಎದೆಯಲ್ಲಿ ಶಿಳ್ಳೆ ಶುರುವಾಯಿತು. ಡಾಕ್ಟರು ಇನ್‌ಹೇಲರ್ ಕೊಟ್ಟರು, ಔಷಧದ ಹಬೆ ಎಳೆದುಕೊಳ್ಳುವ ಯಂತ್ರ ಕೊಟ್ಟರು. ಅಪ್ಪ ಗಾಳಿಯ ತೇವ ಹೀರುವ ಡೀಹ್ಯುಮಿಡಿಫೈಯರ್ ತಂದು ಆಕೆಯ ಕೋಣೆಯಲ್ಲಿಟ್ಟ. ಮರುದಿನ ಬೆಳಿಗ್ಗೆ ಅದರ ಬಕೆಟ್ ತುಂಬಿತ್ತು. ಅಪ್ಪ ಅದನ್ನು ಚೆಲ್ಲಲು ಒಯ್ಯುವಾಗ ಅಜ್ಜಿ ಬಗ್ಗಿ ನೋಡಿದಳು.

“ಇಷ್ಟು ನೀರು ಎಲ್ಲಿಂದ ಬಂತೋ?”

“ಗಾಳಿಯೊಳಗಿಂದು, ಅವ್ವಾ.”

“ಅಯ್ಯ ಶಿವನೇ. ನಾ ಇದನ್ನ ಉಸಿರಾಡ್ಲಿಕ್ಕತ್ತಿದ್ನೇನು?”

ನಮಗೆಲ್ಲ ನಗು ಬಂತು. ಅಜ್ಜಿಯೂ ನಕ್ಕಳು, ನಕ್ಕಿದ್ದಕ್ಕೆ ಕೆಮ್ಮಿದಳು.

ಅಕ್ಟೋಬರ್, ನವೆಂಬರ್ ಹಾಗೇ ಹೋಯಿತು. ಶಾಲೆಯಿಂದ ಬಂದು ನಾನು ಆಕೆಯ ಬೆನ್ನಿಗೆ ದಿಂಬು ಕೊಡುತ್ತಿದ್ದೆ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, “ನಾ ಹೋದ್ರ ಗಂಗಾ ಗೋದಾವರಿ ಅಂತ ನಿಮ್ಮಪ್ಪ ತ್ರಾಸು ತಗೋತಾನ. ಬ್ಯಾಡನ್ನು. ಆ ಹೊಲಕ್ಕ ಹೋಗೂ ಹೊಳಿ ಇತ್ತಲ್ಲಾ, ಅಲ್ಲಿ ಬಿಡ್ಲಿ,” ಎಂದಳು. ನಾನು ಅಪ್ಪನಿಗೆ ಹಾಗೇ ಹೇಳಿದೆ. ಅಪ್ಪ ನನಗೆ ಬೈದ. ಅವನು ನನಗೆ ಬೈದದ್ದು ತೀರ ಕಡಿಮೆ.

ಡಿಸೆಂಬರ್ ಮೊದಲ ವಾರ, ಆಸ್ಪತ್ರೆಯಲ್ಲಿ, ಅಜ್ಜಿ ಹೋದಳು. ಹೊರಗೆ ಆಗಲೂ ಸಣ್ಣಗೆ ಮಳೆ.

ಕ್ರಿಸ್‌ಮಸ್ ರಜೆಯಲ್ಲಿ ನಾವು ಆ ಊರಿಗೆ ಹೋದೆವು. ಅಸ್ಥಿಯ ಪೆಟ್ಟಿಗೆ ವಿಮಾನದಲ್ಲಿ ಅಪ್ಪನ ತೊಡೆಯ ಮೇಲೇ ಇತ್ತು. ಬಾಡಿಗೆ ಕಾರು ರೂತ್ ಆಂಟಿಯ ಮನೆ ಮುಂದೆ ನಿಲ್ಲಿಸಿ, ಆಕೆಯನ್ನೂ ಕರೆದುಕೊಂಡು ಹಿತ್ತಲ ಬೇಲಿ ದಾಟಿದೆವು. ಅಪ್ಪ ಎಲ್ಲರಿಗಿಂತ ಮುಂದಿದ್ದ. ದಂಡೆ ಹತ್ತಿದವನು ಹಾಗೇ ನಿಂತುಬಿಟ್ಟ.

ಕಾಲುವೆಯಲ್ಲಿ ನೀರಿರಲಿಲ್ಲ. ಒಂದು ಹನಿಯೂ ಇರಲಿಲ್ಲ. ತಳದ ಕೆಸರು ಒಣಗಿ ಬಿರುಕು ಬಿಟ್ಟಿತ್ತು, ಬಿರುಕಿನಲ್ಲಿ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಗಾಳಿ ಉರುಳಿಸಿ ತಂದ ಮುಳ್ಳುಗಿಡಗಳು ಬಾಗುವಿನಲ್ಲಿ ರಾಶಿ ಬಿದ್ದಿದ್ದವು.

“ಅಕ್ಟೋಬರ್‌ನಲ್ಲಿ ನಿಲ್ಲಿಸಿಬಿಡುತ್ತಾರೆ,” ಎಂದಳು ರೂತ್ ಆಂಟಿ ಮೆಲ್ಲಗೆ. “ಇನ್ನು ಬರುವುದು ಏಪ್ರಿಲ್‌ಗೇ. ನಿಮಗೆ ಗೊತ್ತಿರಲಿಲ್ಲವೆ?”

ನಮಗೆ ಹೇಗೆ ಗೊತ್ತಿರಬೇಕು? ನಾವು ನೋಡಿದ್ದು ಒಂದೇ ಒಂದು ಬೇಸಿಗೆ. ಅಜ್ಜಿ ಹೊಳಿ ಎಂದಳು, ನಾವೂ ನಂಬಿದ್ದೆವು. ಹೊಳೆಯನ್ನು ನಲ್ಲಿಯಂತೆ ನಿಲ್ಲಿಸುತ್ತಾರೆಂದು ನಮ್ಮ ಕಡೆ ಯಾರು ಎಣಿಸುತ್ತಾರೆ?

“ಬೇರೆ ಎಲ್ಲಾದ್ರೂ ನದಿ ಇದೆಯಾ ಕೇಳೋಣ,” ಎಂದಳು ಅಮ್ಮ.

“ಬ್ಯಾಡ. ಆಕಿ ಕೇಳಿದ್ದು ಇದ.” ಅಪ್ಪ ಕಾರಿನಿಂದ ಗಾಜಿನ ಹಿಮ ಕೆರೆಯುವ ಪ್ಲಾಸ್ಟಿಕ್ ಸಲಾಕೆ ತಂದ. ಕಾಲುವೆಯ ತಳಕ್ಕಿಳಿದು, ಮಂಡಿಯೂರಿ, ಅದರಿಂದಲೇ ನೆಲ ಕೆರೆಯತೊಡಗಿದ. ಮಣ್ಣು ಕಲ್ಲಾಗಿತ್ತು. ಅಮ್ಮ ಇಳಿದು ಕೈಯಿಂದ ಮಣ್ಣು ಎತ್ತಿ ಹಾಕಿದಳು. ಅಂಗೈಯಗಲದ ಗುಣಿಯಾಯಿತು. ಅದರಲ್ಲಿ ಅಜ್ಜಿಯನ್ನು ಇಟ್ಟು ಅರಿಷಿಣ ಕುಂಕುಮ ಹಾಕಿದೆವು. ಗಾಳಿ ಎದ್ದು ಬೂದಿ ಹಾರತೊಡಗಿದಾಗ ರೂತ್ ಆಂಟಿ ಮನೆಗೆ ಹೋಗಿ ಏಪ್ರಿಕಾಟ್ ಒಣಗಿಸುವ ಚೌಕಟ್ಟು ತಂದಳು. ಮೇಲೆ ಮಣ್ಣೆಳೆದು, ಚೌಕಟ್ಟು ಮುಚ್ಚಿ, ನಾಲ್ಕು ಮೂಲೆಗೂ ಕಲ್ಲಿಟ್ಟೆವು.

ಅಪ್ಪ ಮಂಡಿಯ ಮೇಲೇ ಇದ್ದ. ಜಾಲರಿಯ ಮೇಲೆ ಅಂಗೈ ಇಟ್ಟು ಹೇಳಿದ, “ಅವ್ವಾ, ಇನ್ನ ಸ್ವಲ್ಪ ತಡಿ. ಏಪ್ರಿಲ್‌ದಾಗ ನೀರು ಬರ್ತದಂತ.”

ಅಮ್ಮ ಬಾಯಿಗೆ ಸೆರಗಿಲ್ಲದೆ ಕೋಟಿನ ತೋಳು ಒತ್ತಿಕೊಂಡಳು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ರೂತ್ ಆಂಟಿ ಫೋನ್ ಮಾಡಿದಳು. ನೀರು ಬಂತು, ನಿನ್ನೆ ಸಂಜೆಯೇ ಹೋಗಿ ಚೌಕಟ್ಟು ತೆಗೆದಿಟ್ಟಿದ್ದೆ ಎಂದಳು. ಅಪ್ಪ ಥ್ಯಾಂಕ್ಯೂ ಎಂದು ಫೋನಿಟ್ಟು ಡೆಕ್ ಮೇಲೆ ಹೋಗಿ ನಿಂತ. ಪೈನ್ ಮರದ ಹಳದಿ ಪುಡಿ ಅವನ ಆಫೀಸಿನ ಅಂಗಿಯ ಮೇಲೆಲ್ಲ ಬೀಳುತ್ತಿತ್ತು. ಒಳಗೆ ಬನ್ನಿ ಎಂದು ಅಮ್ಮ ಕರೆಯಲಿಲ್ಲ.

ಗ್ರೀನ್ ಕಾರ್ಡ್ ಬಂತು, ಅಪ್ಪ ಹೇಳಿದ್ದಕ್ಕಿಂತ ಬಹಳ ತಡವಾಗಿ. ಪಶ್ಚಿಮಕ್ಕೆ ಹೋಗಿ ಮನೆ ಮಾಡುವ ಮಾತನ್ನು ಯಾರೂ ಎತ್ತಲಿಲ್ಲ. ರೂತ್ ಆಂಟಿ ತೀರಿಕೊಂಡಳು. ಶ್ಯಾವಿಗೆ ಮಣೆ ಈಗ ಫೇರ್‌ಫ್ಯಾಕ್ಸಿನಲ್ಲಿರುವ ನನ್ನ ಮನೆಯ ಬೇಸ್‌ಮೆಂಟಿನಲ್ಲಿದೆ. ಹೊಸೆಯಲು ಅಮ್ಮನಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಪೊಟ್ಟಣದ ಶ್ಯಾವಿಗೆ ಮುರಿದರೆ ಆ ಸದ್ದು ಬರುವುದಿಲ್ಲ. ಅಪ್ಪನಿಗೆ ಈಗ ಅಜ್ಜಿಯ ವಯಸ್ಸಾಗಿದೆ, ಅವನೂ ಅಮ್ಮನೂ ನನ್ನ ಜೊತೆಗೇ ಇದ್ದಾರೆ. ಬೇಸ್‌ಮೆಂಟಿನ ಡೀಹ್ಯುಮಿಡಿಫೈಯರ್ ಬಕೆಟ್ಟನ್ನು ಬೆಳಿಗ್ಗೆ ಅವನೇ ಚೆಲ್ಲುತ್ತಾನೆ, ನಮಗ್ಯಾರಿಗೂ ಬಿಡುವುದಿಲ್ಲ.

ಮೊನ್ನೆ ಕಂಪ್ಯೂಟರಿನಲ್ಲಿ ಆ ಊರನ್ನು ಹುಡುಕಿದೆ. ನೀರು ಇಂಗಿ ಹಾಳಾಗದಿರಲೆಂದು ಕಾಲುವೆಯನ್ನು ಪೈಪಿನೊಳಗೆ ಹಾಕಿ ಮೇಲೆ ಮಣ್ಣು ಮುಚ್ಚಿದ್ದಾರೆ. ನಮ್ಮ ಹಿತ್ತಲಿದ್ದಲ್ಲಿ ಜಲ್ಲಿ ಹಾಸಿದ ಕಾಲುದಾರಿ. ಅಪ್ಪನಿಗೆ ತೋರಿಸಬಾರದೆಂದುಕೊಂಡೆ, ಅಷ್ಟರಲ್ಲಿ ಅವನು ಬೆನ್ನ ಹಿಂದೆ ನಿಂತಿದ್ದ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದ.

“ಇದು ಯಾವಾಗ ಮುಚ್ಚಿದ್ರು?”

“ಈಚೆಗೆ ಅಪ್ಪಾ. ಬಹಳ ವರ್ಷ ಆದಮೇಲೆ.”

“ಹಂಗಾರ ಅವ್ವ ಅಷ್ಟರಾಗ ಹೊಲಾ ಮುಟ್ಟಿರ್ತಾಳ,” ಎಂದ ಅಪ್ಪ. ನನ್ನ ಮುಖ ನೋಡಿ ಮತ್ತೆ ಕೇಳಿದ, “ಮುಟ್ಟಿರ್ತಾಳಲ್ಲಾ?”